ಪಟ್ಟಿಯಲ್ಲಿ ಹೆಸರಿಲ್ಲದವರು: ಅರಸೀಕೆರೆ, ಬೇಲೂರು, ಹಳೇಬೀಡಿನ ಹೋಟೆಲ್ ಕೆಲಸಗಾರರ ಕೋವಿಡ್ ಕಾಲ

2020ರ ಮಾರ್ಚ್ 17, ಮಂಗಳವಾರ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿನಲ್ಲಿರುವ ಸ್ಮಾರಕಗಳನ್ನೆಲ್ಲ ತಿಂಗಳ ಕೊನೆಯವರೆಗೆ ಮುಚ್ಚಬೇಕೆಂದು ದೆಹಲಿಯಿಂದ ಆದೇಶ ಹೊರಬಿತ್ತು. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿ ಆಗ ಒಂದು ವಾರವಾಗಿತ್ತು. ಮಾಲು, ಚಿತ್ರಮಂದಿರ, ಅದ್ದೂರಿ ಮದುವೆಗಳಿಗೆ ರಾಜ್ಯ ಸರ್ಕಾರ ನಾಲ್ಕು ದಿನ ಮೊದಲೇ ತಡೆ ಹಾಕಿತ್ತು. ಹಾಸನ ಜಿಲ್ಲೆಯಲ್ಲಿ ಮಾತ್ರ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ಆದರೂ ಆ ಜಿಲ್ಲೆಯ ಹೊಯ್ಸಳ ದೇವಸ್ಥಾನಗಳ ಊರುಗಳಾದ ಬೇಲೂರು, ಹಳೇಬೀಡುಗಳ ಹೋಟೆಲಿನವರಿಗೆ ಸಂಕಷ್ಟ ಶುರುವಾದದ್ದು ಆ ಮಂಗಳವಾರದಿಂದಲೇ. ದೇವಸ್ಥಾನ ನೋಡಲು ಜನ ಬರದಿದ್ದರೆ ಅಲ್ಲಿ ಕಾಫಿ ಕುಡಿಯುವವರು ಯಾರು?

ಆಮೇಲಿನದೆಲ್ಲ ಒಂದೇ ವಾರದೊಳಗೆ ನಡೆದುಹೋಯಿತು. 22ರ ಭಾನುವಾರ ಜನತಾ ಕರ್ಫ್ಯೂ. ಅಂದೇ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯ ಹಳಿಗಳು ಕೂಡುವ ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗಳು ಮಾತ್ರ ಓಡಾಡಿದವು. 23ರ ಸಂಜೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಇಡೀ ರಾಜ್ಯಕ್ಕೆ ಲಾಕ್‌ಡೌನ್ ಘೋಷಿಸಿದರು. 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಕಾಣಿಸಿಕೊಂಡು ಇಡೀ ದೇಶಕ್ಕೆ 21 ದಿನ ಎಂದರು. ಮರುದಿನ, ಮಾರ್ಚ್ 25, ಯುಗಾದಿ.

ಹೋಟೆಲಿನವರ ವರ್ಷ ನಮ್ಮ ಪಂಚಾಂಗದಂತೆ ನಡೆಯುವುದಿಲ್ಲ. ಈ ಭಾಗದಲ್ಲಿ ಅದು ನವೆಂಬರಿನಿಂದ ಏರುತ್ತದೆ. ಆಗ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳೂ ಶಬರಿಮಲೆ ಹಾದಿಯಲ್ಲಿ ಬರುವ ಮಾಲಾಧಾರಿಗಳ ಗುಂಪುಗಳೂ ಡಿಸೆಂಬರ್ ಕೊನೆಯ ರಜೆಯ ಕಾರುಗಳೂ ಒಟ್ಟಿಗೆ ಬರುತ್ತವೆ. ಪರೀಕ್ಷೆಯ ತಿಂಗಳಲ್ಲಿ ವ್ಯಾಪಾರ ಕುಸಿಯುತ್ತದೆ. ಮತ್ತೆ ಯುಗಾದಿ ಕಳೆದು ಬೇಲೂರಿನ ಚನ್ನಕೇಶವನ ತೇರು, ಅದರ ಬೆನ್ನಿಗೇ ಬೇಸಿಗೆ ರಜೆ. ಮಾರ್ಚಿನ ಕಡಿಮೆ ವ್ಯಾಪಾರವನ್ನು ಏಪ್ರಿಲ್ ಮೇ ತಿಂಗಳು ತುಂಬಿಕೊಡುತ್ತವೆ ಎಂಬುದು ಮಾಲೀಕರ ಲೆಕ್ಕವಾಗಿರುವಂತೆ ಕೆಲಸಗಾರರ ಲೆಕ್ಕವೂ ಹೌದು. ಮಗಳ ಮದುವೆಗೆ ತಂದ ಸಾಲ, ಜೂನಿನಲ್ಲಿ ಕಟ್ಟಬೇಕಾದ ಶಾಲೆ ಫೀಜು, ಎರಡಕ್ಕೂ ಆಧಾರ ಆ ಎರಡು ತಿಂಗಳು. 2020ರಲ್ಲಿ ಬಾಗಿಲು ಮುಚ್ಚಿದ್ದು ಸರಿಯಾಗಿ ಆ ಹೊಸ್ತಿಲಲ್ಲಿ.

ಇಂಥ ಊರುಗಳ ಸಾಧಾರಣ ಹೋಟೆಲೊಂದರಲ್ಲಿ ಯಾರು ಯಾರು ದುಡಿಯುತ್ತಾರೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಡ್ಲಿ ಹಬೆಗಿಡುವ ಭಟ್ಟರು. ಕಾವಲಿ ಮುಂದೆ ಆರೇಳು ಗಂಟೆ ನಿಂತೇ ಇರುವ ದೋಸೆಯವರು. ಸಪ್ಲೈಯರುಗಳು, ಟೇಬಲ್ ಒರೆಸುವ ಕ್ಲೀನರ್, ಹಿಂದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಹೆಂಗಸು, ತೆಂಗಿನಕಾಯಿ ತುರಿದು ತರಕಾರಿ ಹೆಚ್ಚಿಕೊಡುವ ಇನ್ನೊಬ್ಬಾಕೆ. ಲಾಡ್ಜ್ ಇದ್ದರೆ ರೂಂ ಬಾಯ್, ಹಾಸಿಗೆ ಬಟ್ಟೆ ಒಗೆಯುವವರು, ರಾತ್ರಿ ಕಾವಲಿನವರು. ಇವರ ಪೈಕಿ ತಿಂಗಳ ಸಂಬಳದವರು ಕೆಲವರು, ದಿನದ ಬಟವಾಡೆಯವರು ಹಲವರು. ಮೇಲೆ ಎರಡು ಊಟ, ಒಂದು ತಿಂಡಿ, ದೂರದೂರಿನಿಂದ ಬಂದವರಿಗೆ ಮಹಡಿಯ ಮೇಲೋ ಉಗ್ರಾಣದ ಪಕ್ಕದಲ್ಲೋ ಮಲಗಲು ಜಾಗ. ರೂಂ ಬಾಯ್‌ಗಳಿಗೂ ಸಪ್ಲೈಯರುಗಳಿಗೂ ಗಿರಾಕಿ ಕೊಡುವ ಟಿಪ್ಸು ಸಂಬಳದಷ್ಟೇ ಮುಖ್ಯ. ಗಾರೆ ಕೆಲಸದವರಿಗೆ ಕೆಲಸ ನಿಂತರೆ ಕೂಲಿ ಹೋಗುತ್ತದೆ. ಹೋಟೆಲ್ ಮುಚ್ಚಿದರೆ ಕೂಲಿ, ಊಟ, ಟಿಪ್ಸು, ಸೂರು ನಾಲ್ಕೂ ಒಂದೇ ದಿನ ಹೋಗುತ್ತವೆ. ‘ಬಾಗಿಲು ತೆಗೆದಾಗ ಫೋನ್ ಮಾಡ್ತೀನಿ ಕಣಪ್ಪಾ, ಈಗ ಊರಿಗೆ ಹೋಗಿರು’ ಎಂದಷ್ಟೇ ಹೇಳಿ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಕಳಿಸುವುದು ಒಳ್ಳೆಯ ಮಾಲೀಕನಿಂದಲೂ ಆಗುತ್ತಿದ್ದ ಹೆಚ್ಚಿನ ಕೆಲಸ. ಅವನ ತಲೆಯ ಮೇಲೂ ಕಟ್ಟಡದ ಬಾಡಿಗೆ, ಬ್ಯಾಂಕಿನ ಕಂತು ಇದ್ದವು.

ಲಾಕ್‌ಡೌನ್ ಅವಧಿಯಲ್ಲಿ ಯಾರ ಸಂಬಳವನ್ನೂ ಕಡಿತ ಮಾಡಬಾರದೆಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶಿಸಿತು. ಗಿರಾಕಿಯೇ ಇಲ್ಲದ ಹೋಟೆಲಿನ ಗಲ್ಲಾದಿಂದ ಆ ಸಂಬಳ ಎಲ್ಲಿಂದ ಹುಟ್ಟಬೇಕು ಎಂಬುದಕ್ಕೆ ಆದೇಶದಲ್ಲಿ ಉತ್ತರ ಇರಲಿಲ್ಲ. ಮೇ 18ರಿಂದ ಆ ಆದೇಶವನ್ನೇ ಹಿಂಪಡೆದರು. ಇದೇ ಹೊತ್ತಿಗೆ ಬ್ರಿಟನ್ ಸರ್ಕಾರ ಮನೆಯಲ್ಲಿ ಕೂತ ಕೆಲಸಗಾರರ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮೀರದಂತೆ, ಮಾಲೀಕರ ಮೂಲಕ ತಾನೇ ಕೊಡತೊಡಗಿತ್ತು. ಅಲ್ಲಿನ ಹೋಟೆಲು, ಪಬ್ಬುಗಳ ಲಕ್ಷಾಂತರ ಕೆಲಸಗಾರರು ಅದರಲ್ಲೇ ಬದುಕಿದರು. ಆ ದೇಶ ಶ್ರೀಮಂತ ಎನ್ನುವುದೊಂದೇ ಇದಕ್ಕೆ ಕಾರಣವಲ್ಲ. ಯಾರು ಎಲ್ಲಿ ಎಷ್ಟು ಸಂಬಳಕ್ಕೆ ದುಡಿಯುತ್ತಾರೆ ಎಂಬ ದಾಖಲೆ ತೆರಿಗೆ ಇಲಾಖೆಯ ಬಳಿ ತಿಂಗಳು ತಿಂಗಳೂ ತಯಾರಾಗುತ್ತಿತ್ತು. ಹೆಸರಿತ್ತು, ಆದ್ದರಿಂದ ಹಣ ತಲುಪಿತು. ಬೇಲೂರಿನ ಪಾತ್ರೆ ತಿಕ್ಕುವ ಹೆಂಗಸಿನ ಹೆಸರು ಯಾವ ಇಲಾಖೆಯ ಯಾವ ಕಡತದಲ್ಲಿತ್ತು?

ಈ ಪ್ರಶ್ನೆಯನ್ನು ಹಿಡಿದುಕೊಂಡೇ ಆ ಎರಡು ವರ್ಷಗಳ ನೆರವಿನ ಚರಿತ್ರೆಯನ್ನು ಓದಬೇಕೆಂದು ನನಗನ್ನಿಸುತ್ತದೆ. ಸರ್ಕಾರಗಳು ಏನೂ ಕೊಡಲಿಲ್ಲ ಎನ್ನುವುದು ಸುಳ್ಳು. ಕೊಟ್ಟದ್ದು ಪಟ್ಟಿ ಇದ್ದವರಿಗೆ. ಆ ಪಟ್ಟಿಗಳಲ್ಲಿ ಹೆಚ್ಚಿನವು ಕೋವಿಡ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಹೋರಾಟಗಳಿಂದ ಆದಂಥವು.

ಕೇಂದ್ರದ ಮೊದಲ ನೆರವನ್ನೇ ನೋಡಿ. ಮಾರ್ಚ್ ಕೊನೆಯಲ್ಲಿ ಬಂದ ಗರೀಬ್ ಕಲ್ಯಾಣ್ ಪ್ಯಾಕೇಜಿನಲ್ಲಿ ರೇಷನ್ ಕಾರ್ಡಿನ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ ಉಚಿತ. ಜನಧನ್ ಖಾತೆಯಿದ್ದ ಹೆಣ್ಣುಮಕ್ಕಳಿಗೆ ಮೂರು ತಿಂಗಳು 500 ರೂಪಾಯಿ. ಹಸಿವನ್ನು ತಡೆದದ್ದು ಇವೇ, ಅದರಲ್ಲೂ ಅಕ್ಕಿ. ಆದರೆ ಹೋದ ದುಡಿಮೆಗೆ ಬದಲಾಗಿ ಏನಾದರೂ ಬರಬೇಕಾದರೆ ಪಿ.ಎಫ್. ಅಥವಾ ಇ.ಎಸ್.ಐ. ಇರಬೇಕಿತ್ತು. ಪಿ.ಎಫ್. ಇದ್ದವರು ತಮ್ಮದೇ ಉಳಿತಾಯದಿಂದ ಮೂರು ತಿಂಗಳ ಸಂಬಳ ಮೀರದಷ್ಟನ್ನು ಮುಂಗಡ ತೆಗೆದುಕೊಳ್ಳಬಹುದಿತ್ತು. ಇ.ಎಸ್.ಐ. ಇದ್ದು ಕೆಲಸ ಕಳೆದುಕೊಂಡವರಿಗೆ ಸರಾಸರಿ ಕೂಲಿಯ ಅರ್ಧದಷ್ಟು, ಗರಿಷ್ಠ 90 ದಿನಗಳಿಗೆ, ಪರಿಹಾರ ಸಿಗುವಂತೆ ನಿಯಮ ಬದಲಾಯಿತು. ಪಿ.ಎಫ್. ಅನ್ವಯವಾಗಲು ಸಂಸ್ಥೆಯಲ್ಲಿ 20 ಮಂದಿ ಇರಬೇಕು, ಇ.ಎಸ್.ಐ.ಗೆ 10 ಮಂದಿ. ಆರೇಳು ಜನ ನಡೆಸುವ ದರ್ಶಿನಿ, ಗಂಡ ಹೆಂಡತಿ ಮತ್ತು ಇಬ್ಬರು ಕೆಲಸದವರ ಊಟದ ಮನೆ, ಹೆದ್ದಾರಿ ಬದಿಯ ಟೀ ಅಂಗಡಿ, ಇವೆಲ್ಲ ಆ ಗೆರೆಯ ಕೆಳಗೇ ಉಳಿದವು. ಚಿಕ್ಕ ಊರಿನ ಹೋಟೆಲೆಂದರೆ ಬಹುಪಾಲು ಅವೇ ತಾನೆ.

ನಂತರ ಬಂತು ರಾಜ್ಯದ ಸರದಿ. 2020ರ ಮೇ 6ರಂದು ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜು ಪ್ರಕಟಿಸಿದರು. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000. ಕ್ಷೌರಿಕರಿಗೆ, ಅಗಸರಿಗೆ ಒಂದು ಬಾರಿಗೆ 5,000. ಆಟೊ, ಟ್ಯಾಕ್ಸಿ ಚಾಲಕರಿಗೆ 5,000. ಆಗಲೇ 2,000 ಪಡೆದಿದ್ದ ಕಟ್ಟಡ ಕಾರ್ಮಿಕರಿಗೆ ಮತ್ತೆ 3,000. ಕೈಮಗ್ಗದ ನೇಕಾರರಿಗೆ 2,000. ಸಣ್ಣ ಉದ್ದಿಮೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮಾಫಿ. ಅಷ್ಟರ ಮಟ್ಟಿಗೆ ಅದು ಕಣ್ಣು ತೆರೆದು ಮಾಡಿದ ಕೆಲಸ. ಕ್ಷೌರದಂಗಡಿಯವರನ್ನೂ ಧೋಬಿಘಾಟಿನವರನ್ನೂ ಹೆಸರಿಟ್ಟು ನೆನೆದ ಸರ್ಕಾರಗಳು ದೇಶದಲ್ಲಿ ಹೆಚ್ಚಿರಲಿಲ್ಲ. ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೆ ಹೋಟೆಲ್ ಕೆಲಸಗಾರರು ಎಂಬ ಸಾಲು ಸಿಗುವುದಿಲ್ಲ.

ಅದರ ಅರ್ಥ ನೆಲದ ಮೇಲೆ ಏನಾಯಿತೆಂದು ಒಂದೇ ದಾರಿಯಲ್ಲಿ ನೋಡಬಹುದು. ಅರಸೀಕೆರೆಯಲ್ಲಿ ರೈಲಿಳಿದ ಪ್ರವಾಸಿ ಟ್ಯಾಕ್ಸಿ ಹಿಡಿದು ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಬರುತ್ತಾನೆ. ಮಾರ್ಗದರ್ಶಿಯೊಬ್ಬರು ಅವನಿಗೆ ದೇವಸ್ಥಾನ ತೋರಿಸುತ್ತಾರೆ. ಹೊರಬಂದು ಎಳನೀರು ಕುಡಿಯುತ್ತಾನೆ. ಹೋಟೆಲಿನಲ್ಲಿ ಊಟ ಮಾಡಿ ಬೇಲೂರಿಗೆ ಹೋಗಿ ಲಾಡ್ಜಿನಲ್ಲಿ ತಂಗುತ್ತಾನೆ. ಒಬ್ಬನೇ ಪ್ರವಾಸಿ, ಒಂದೇ ದಿನ, ಐದಾರು ಮನೆಗಳಿಗೆ ಸಂಪಾದನೆ. ಅವನು ಬಾರದೇ ಹೋದಾಗ ಇವರೆಲ್ಲರ ನಷ್ಟವೂ ಒಂದೇ ಜಾತಿಯದು. ಟ್ಯಾಕ್ಸಿ ಓಡಿಸುವವರ ಬಳಿ ಡ್ರೈವಿಂಗ್ ಲೈಸೆನ್ಸು, ಗಾಡಿಯ ಎಫ್‌.ಸಿ. ಇತ್ತು, ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಿದರು. ಅವರಿಗೂ ಅದು ಸುಲಭವಾಗಿರಲಿಲ್ಲ. ಮೇ ತಿಂಗಳ ಪ್ಯಾಕೇಜು ಎಣಿಸಿದ್ದು 7.75 ಲಕ್ಷ ಚಾಲಕರನ್ನು. ಮರುವರ್ಷದ ಪ್ಯಾಕೇಜು ಎಣಿಸಿಕೊಂಡದ್ದು 2.10 ಲಕ್ಷವನ್ನು. ಎಣಿಕೆಯ ಮೊದಲಿಗೂ ಕೊನೆಗೂ ಇಷ್ಟು ಅಂತರ ಬಂದದ್ದನ್ನು ನೋಡಿದರೆ, ಪಟ್ಟಿಯಲ್ಲಿ ಕಸುಬಿನ ಹೆಸರಿದ್ದರೂ ಕಾಗದ ಪತ್ರ ಸರಿಯಿದ್ದವರಷ್ಟೇ ದಡ ಸೇರಿದರೆಂದು ತಿಳಿಯುತ್ತದೆ. ಊಟ ಬಡಿಸಿದವರಿಗೆ ಅರ್ಜಿ ಹಾಕುವ ಅವಕಾಶವೇ ಇರಲಿಲ್ಲ.

ಕಟ್ಟಡ ಕಾರ್ಮಿಕರಿಗೆ ಏಕೆ ಅಷ್ಟು ಬೇಗ, ಎರಡೆರಡು ಸಲ ಹಣ ಸಿಕ್ಕಿತು? 1996ರಲ್ಲಿ ಸಂಸತ್ತು ಎರಡು ಕಾನೂನು ಮಾಡಿತು. ಕಟ್ಟಡಗಳ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗಬೇಕು, ಕಾರ್ಮಿಕರು ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಆ ಕಾನೂನಿಗಾಗಿ ದೇಶದ ನಿರ್ಮಾಣ ಕಾರ್ಮಿಕರು ಹತ್ತಾರು ವರ್ಷ ಹೋರಾಡಿದ್ದರು. ಕೋವಿಡ್ ಬಂದಾಗ ನಿಧಿಯಲ್ಲಿ ಹಣವಿತ್ತು, ಪಟ್ಟಿಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯಿತ್ತು. ಬೇಲೂರಿನಲ್ಲೋ ಅರಸೀಕೆರೆಯಲ್ಲೋ ದೊಡ್ಡದೊಂದು ಲಾಡ್ಜ್ ಏಳುವಾಗ ಅದರ ವೆಚ್ಚದಲ್ಲಿ ಒಂದು ಪಾಲು ಗಾರೆಯವರ ನಿಧಿಗೆ ಸೇರುತ್ತದೆ. ಅದು ನ್ಯಾಯ. ಆ ಲಾಡ್ಜಿನಲ್ಲಿ ಮುಂದೆ ಮೂವತ್ತು ವರ್ಷ ಹಾಸಿಗೆ ಹಾಸಿ, ನೀರು ತುಂಬಿ, ಬಚ್ಚಲು ತೊಳೆಯುವವರ ನಿಧಿಗೆ ರೂಮಿನ ಬಾಡಿಗೆಯಿಂದ ಒಂದು ಪೈಸೆಯೂ ಸೇರುವುದಿಲ್ಲ. ಅಂಥ ನಿಧಿಯೇ ಇಲ್ಲ. ಇದನ್ನು ನಾನು ಆ ಕಾಲದ ಅತಿ ದೊಡ್ಡ ಅನ್ಯಾಯವೆಂದೇ ಎಣಿಸುತ್ತೇನೆ.

ಹಾಸನ ಮೇ ಎರಡನೇ ವಾರದವರೆಗೂ ಹಸಿರು ವಲಯ. ಮೇ 12ರಂದು, ಮುಂಬೈನಿಂದ ಚನ್ನರಾಯಪಟ್ಟಣಕ್ಕೆ ಮರಳಿದ ಐವರಲ್ಲಿ ಸೋಂಕು ಕಂಡು ಜಿಲ್ಲೆಯ ಲೆಕ್ಕ ಶುರುವಾಯಿತು. ಅಲ್ಲಿಗೆ ಹೋಟೆಲುಗಳು ಮುಚ್ಚಿ ಏಳು ವಾರ ಕಳೆದಿತ್ತು. ಅಂದರೆ ರೋಗ ಬರುವ ಮೊದಲೇ ಕೂಲಿ ಹೋಗಿ ಕೂತಿತ್ತು.

ಜೂನ್ 8ರಿಂದ ಹೋಟೆಲುಗಳಲ್ಲಿ ಕೂತು ತಿನ್ನಬಹುದು ಎಂದಾಯಿತು. ಪೂಜೆ ನಡೆಯುವ 820 ಸಂರಕ್ಷಿತ ಸ್ಮಾರಕಗಳಿಗೆ ಅಂದೇ, ಉಳಿದವಕ್ಕೆ ಜುಲೈ 6ರಿಂದ ಅನುಮತಿ. ಆದರೆ ಜುಲೈ 5ರಿಂದ ಆ ತಿಂಗಳಿಡೀ ರಾಜ್ಯದಲ್ಲಿ ಪ್ರತಿ ಭಾನುವಾರ ಪೂರ್ಣ ಲಾಕ್‌ಡೌನ್ ಇತ್ತು. ಹಳೇಬೀಡಿನಲ್ಲಿ ಭಾನುವಾರ ವ್ಯಾಪಾರವಿಲ್ಲವೆಂದರೆ ವಾರವಿಡೀ ಇಲ್ಲವೆಂದೇ. ಇನ್ನು ನವೆಂಬರ್ ಬಂತು, ಶಾಲೆಗಳು ತೆರೆಯಲಿಲ್ಲ. ಶಾಲಾ ಪ್ರವಾಸದ ಕೆಂಪು ಬಸ್ಸುಗಳು ಬರಲಿಲ್ಲ. ನೂರು ಮಕ್ಕಳಿಗೆ ಒಟ್ಟಿಗೆ ಪಲಾವ್ ಮಾಡಿ ಹಾಕುವ ಭಟ್ಟರಿಗೂ, ಆ ದಿನಗಳಿಗೆಂದೇ ಹಳ್ಳಿಯಿಂದ ಬಂದು ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳಿಗೂ ಆ ಚಳಿಗಾಲ ಬರಿದಾಗಿಯೇ ಕಳೆಯಿತು. ಬಾಗಿಲು ತೆರೆದ ಹೋಟೆಲುಗಳು ಕೂಡ ಎಲ್ಲರನ್ನೂ ವಾಪಸ್ ಕರೆಯಲಿಲ್ಲ. ಲಾಕ್‌ಡೌನ್ ಮುಗಿಯುವುದು ಬೇರೆ, ದುಡಿಮೆ ಮರಳುವುದು ಬೇರೆ. ಪರಿಹಾರದ ಯೋಜನೆಗಳೆಲ್ಲ ಮೊದಲನೆಯದನ್ನೇ ಲೆಕ್ಕಕ್ಕೆ ತೆಗೆದುಕೊಂಡವು.

ಅರಸೀಕೆರೆಯ ಕಥೆ ಇದಕ್ಕಿಂತ ಉದ್ದ. ರೈಲುಗಳು ಒಂದೊಂದಾಗಿ ವಿಶೇಷ ರೈಲು ಎಂಬ ಹೆಸರಿನಲ್ಲಿ ಓಡತೊಡಗಿದವು. ಸೀಟು ಕಾದಿರಿಸಿದವರಿಗಷ್ಟೇ ಪ್ರವೇಶ. ಪ್ಲಾಟ್‌ಫಾರಂನಲ್ಲಿ ಇಡ್ಲಿ, ವಡೆ, ಚಹಾ ಮಾರುವವರಿಗೆ ಅನ್ನ ಹಾಕುತ್ತಿದ್ದದ್ದು ಊರೂರಿಗೆ ನಿಲ್ಲುವ ಪ್ಯಾಸೆಂಜರ್ ಗಾಡಿಗಳು. ಅವು ತಿಂಗಳುಗಟ್ಟಲೆ ಬರಲಿಲ್ಲ. ರೈಲಿನೊಳಗೆ ಬಿಸಿ ಊಟ ಕೊಡುವ ಪದ್ಧತಿ ಮತ್ತೆ ಶುರುವಾದದ್ದು 2021ರ ನವೆಂಬರಿನಲ್ಲಿ, ಅಂದರೆ ಒಂದು ವರ್ಷ ಎಂಟು ತಿಂಗಳ ಬಳಿಕ. ಸ್ಟಾಲುಗಳ ಪರವಾನಗಿ ಶುಲ್ಕದಲ್ಲಿ ರೈಲ್ವೆ ರಿಯಾಯಿತಿ ಕೊಟ್ಟಿತು. ಪರವಾನಗಿ ಇರುವುದು ಗುತ್ತಿಗೆದಾರರ ಹೆಸರಲ್ಲಿ. ತಲೆಯ ಮೇಲೆ ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಓಡುವವರು ಕಮಿಷನ್ನಿನ ಮೇಲೆ ಮಾರುವವರು. ಮಾರಾಟವಿಲ್ಲದ ದಿನ ಕಮಿಷನ್ ಎಲ್ಲಿಯದು?

ಇದೇ ಕಾಲದಲ್ಲಿ ಬೀದಿ ಬದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರ ಪಿ.ಎಂ. ಸ್ವನಿಧಿ ಯೋಜನೆ ತಂದಿತು. ಜಾಮೀನಿಲ್ಲದೆ 10,000 ರೂಪಾಯಿ ಸಾಲ, ಸರಿಯಾಗಿ ಕಟ್ಟಿದರೆ ಶೇ 7ರ ಬಡ್ಡಿ ಸಹಾಯಧನ. ಅದು ನಗರ ಪ್ರದೇಶದ ವ್ಯಾಪಾರಿಗಳಿಗೆ. ಅರಸೀಕೆರೆಗೆ ನಗರಸಭೆಯಿದೆ, ಬೇಲೂರಿಗೆ ಪುರಸಭೆಯಿದೆ. ಹಳೇಬೀಡು ಆಗ ಗ್ರಾಮ ಪಂಚಾಯಿತಿ. ದೇಶ ವಿದೇಶದ ಜನ ಬರುವ ಜಾಗದಲ್ಲಿ ಚುರುಮುರಿ ಮಾರಿದರೂ ಹಳೇಬೀಡಿನವರು ಕಾನೂನಿನ ಕಣ್ಣಿಗೆ ಹಳ್ಳಿಯವರು. ಹಳ್ಳಿಯವರಿಗೆ ಇದ್ದ ಆಸರೆ ಉದ್ಯೋಗ ಖಾತರಿಯ ನರೇಗಾ. 2020-21ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 275 ರೂಪಾಯಿ, ಮರುವರ್ಷ 289. ಹಾಗಾಗಿ ಹೋಟೆಲ್ ಕೆಲಸ ಬಿಟ್ಟು ಊರು ಸೇರಿದವರು ಬದು ಹಾಕುವ, ಕೆರೆ ಹೂಳೆತ್ತುವ ಕೆಲಸ ಕೇಳಿ ಪಡೆಯಬಹುದಿತ್ತು. ಬೇಲೂರು ಪೇಟೆಯಲ್ಲೇ ಮನೆ ಮಾಡಿಕೊಂಡಿದ್ದವರಿಗೆ ನರೇಗಾ ಇಲ್ಲ. ಅವರು ಬೀದಿ ವ್ಯಾಪಾರಿಗಳಲ್ಲದ ಕಾರಣ ಸ್ವನಿಧಿಯೂ ಇಲ್ಲ. ಹದಿನಾರು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಒಂದೇ ಕೆಲಸ ಮಾಡಿದ ಇಬ್ಬರ ಪಾಡು ಸ್ಥಳೀಯ ಸಂಸ್ಥೆಯ ದರ್ಜೆಯ ಮೇಲೆ ಬೇರೆಯಾಯಿತು.

ಎರಡನೇ ಅಲೆ ಬಂದದ್ದು ಮತ್ತೆ ಬೇಸಿಗೆ ರಜೆಗೇ. 2021ರ ಏಪ್ರಿಲ್ 16ರಿಂದ ಸ್ಮಾರಕಗಳು ಮತ್ತೆ ಮುಚ್ಚಿದವು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿ. ಪಾರ್ಸೆಲ್ಲಿಗೆ ಮಾತ್ರ ಅವಕಾಶವಿತ್ತು. ದೊಡ್ಡ ನಗರದಲ್ಲಿ ಪಾರ್ಸೆಲ್ ಎಂದರೆ ವ್ಯಾಪಾರ. ಪ್ರವಾಸಿಗಳನ್ನೇ ನಂಬಿದ ಊರಿನಲ್ಲಿ ಪಾರ್ಸೆಲ್ ಒಯ್ಯಲು ಮನೆಯಿರುವ ಗಿರಾಕಿ ಎಲ್ಲಿ? ಊರಿನವರು ತಮ್ಮ ಮನೆಯಲ್ಲೇ ಉಣ್ಣುತ್ತಿದ್ದರು. ಒಲೆ ಹಚ್ಚಿದ ಹೋಟೆಲುಗಳಿಗೆ ಬೇಕಾದದ್ದು ಒಬ್ಬ ಭಟ್ಟ, ಕಟ್ಟಿಕೊಡುವ ಒಬ್ಬ. ಬಡಿಸುವವರು, ಒರೆಸುವವರು, ತಿಕ್ಕುವವರು ಎಲ್ಲರೂ ಹೊರಗೆ.

ಮೇ 19ರಂದು 1,250 ಕೋಟಿಯ ಪ್ಯಾಕೇಜು. ಚಾಲಕರಿಗೆ 3,000, ಕಟ್ಟಡ ಕಾರ್ಮಿಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000, ಕಲಾವಿದರಿಗೆ 3,000. ಜೊತೆಗೆ ಅಸಂಘಟಿತ ವಲಯದ ಸುಮಾರು 3 ಲಕ್ಷ ಮಂದಿಗೆ 2,000: ಕ್ಷೌರಿಕರು, ಅಗಸರು, ದರ್ಜಿಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಮೆಕ್ಯಾನಿಕ್‌ಗಳು, ಕಮ್ಮಾರರು, ಮನೆಗೆಲಸದವರು, ಚಮ್ಮಾರರು. ಇವರಲ್ಲಿ ಹೆಚ್ಚಿನ ಕಸುಬುಗಳನ್ನು ಕಾರ್ಮಿಕ ಇಲಾಖೆ ‘ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ’ದ ಸ್ಮಾರ್ಟ್ ಕಾರ್ಡಿಗಾಗಿ ಮೊದಲೇ ಗುರುತಿಸಿಟ್ಟಿತ್ತು. ಮತ್ತೆ ಅದೇ ಮಾತು: ಗುರುತಿಸಿಟ್ಟ ಪಟ್ಟಿಯೇ ನೆರವಿನ ಪಟ್ಟಿಯಾಯಿತು. ಮನೆಗೆಲಸದಾಕೆಗೆ 2,000 ಬಂತು. ಅದೇ ಕೆಲಸವನ್ನು ಹೋಟೆಲಿನ ಹಿತ್ತಲಲ್ಲಿ ಮಾಡುವಾಕೆಗೆ ಬರಲಿಲ್ಲ.

ಜೂನ್ 3ರಂದು ಇನ್ನೊಂದು, 500 ಕೋಟಿಯದು. ಅದರಲ್ಲಿ ಒಂದು ಸಾಲನ್ನು ನಾನು ಮರೆಯಲಾರೆ. ಮುಜರಾಯಿ ಇಲಾಖೆಯ ‘ಸಿ’ ವರ್ಗದ ದೇವಸ್ಥಾನಗಳ ಅರ್ಚಕರು, ಅಡುಗೆಯವರು, ಸಿಬ್ಬಂದಿ ಸೇರಿ 36,047 ಜನರಿಗೆ ತಲಾ 3,000. ಮಸೀದಿಗಳ ಪೇಶ್ ಇಮಾಮರಿಗೆ, ಮುಅಜ್ಜಿನ್‌ಗಳಿಗೆ 3,000. ಸರಿಯಾದ ನಿರ್ಧಾರ. ದೇವಸ್ಥಾನ ಮುಚ್ಚಿದರೆ ತಟ್ಟೆಕಾಸಿಲ್ಲದ ಅರ್ಚಕನ ಮನೆಯೂ ನಡೆಯುವುದಿಲ್ಲ, ನೈವೇದ್ಯದ ಒಲೆ ಮುಂದೆ ಕೂತವನದೂ ನಡೆಯುವುದಿಲ್ಲ. ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠಾಪಿಸಿದ ಮೇಲೆ ಆ ದೇವಾಲಯದ ಶಾಸನಗಳು ಪೂಜೆ ನೈವೇದ್ಯಗಳಿಗೂ ಸೇವೆ ಮಾಡುವವರ ಜೀವನಕ್ಕೂ ಬಿಟ್ಟ ದತ್ತಿಗಳನ್ನು ಕಲ್ಲಿನ ಮೇಲೆ ಬರೆದಿಟ್ಟಿವೆ. ದೇವಸ್ಥಾನದ ಒಳಗೆ ಅಡುಗೆ ಮಾಡುವವರ ಬದುಕು ದೇವಸ್ಥಾನಕ್ಕೆ ಸೇರಿದ್ದು ಎಂದು ಹೊಯ್ಸಳರೂ ಒಪ್ಪಿದ್ದರು, 2021ರ ಸರ್ಕಾರವೂ ಒಪ್ಪಿತು. ದೇವಸ್ಥಾನದ ಬೀದಿಯಲ್ಲಿ, ಅದೇ ದೇವರನ್ನು ನೋಡಲು ಬಂದವರಿಗೆ ಅಡುಗೆ ಮಾಡುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಜೂನ್ 14ರಿಂದ ರಾಜ್ಯದ ಉಳಿದ ಕಡೆ ನಿರ್ಬಂಧ ಸಡಿಲವಾದಾಗ, ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು, ಹಾಸನ ಅವುಗಳಲ್ಲೊಂದು. ಜೂನ್ 16ಕ್ಕೆ ದೆಹಲಿ ಸ್ಮಾರಕಗಳನ್ನು ತೆರೆಯಲು ಹೇಳಿದರೂ ಇಲ್ಲಿ ಜಿಲ್ಲೆಯೇ ಮುಚ್ಚಿತ್ತು. 21ರಿಂದ ಕಡಿಮೆ ಸೋಂಕಿನ ಜಿಲ್ಲೆಗಳಲ್ಲಿ ಹೋಟೆಲಿನೊಳಗೆ ಅರ್ಧದಷ್ಟು ಜನ ಕೂರಬಹುದಾಯಿತು. ಹಾಸನ ಆ ಗುಂಪಿನಲ್ಲಿರಲಿಲ್ಲ. ಇಲ್ಲಿನ ಹೋಟೆಲುಗಳು ರಾಜ್ಯದ ಉಳಿದವರ ಸಾಲಿಗೆ ಬಂದದ್ದು ಜುಲೈ 5ರಿಂದ ಜಾರಿಯಾದ ಆದೇಶದಿಂದ. ಎಂದರೆ 2020ಕ್ಕಿಂತ ಹೆಚ್ಚು ಸಾವು ಕಂಡ, ರಾಜ್ಯದ ಎಷ್ಟೋ ಜಿಲ್ಲೆಗಳಿಗಿಂತ ಹೆಚ್ಚು ದಿನ ಮುಚ್ಚಿದ್ದ ಜಿಲ್ಲೆಯ ಚಾಲಕರಿಗೂ ಕ್ಷೌರಿಕರಿಗೂ ತಲಾ ಸಿಕ್ಕಿದ್ದು ಮೊದಲ ವರ್ಷಕ್ಕಿಂತ ಚಿಕ್ಕ ಮೊತ್ತ.

ಜೂನ್ ಕೊನೆಗೆ ಪ್ರವಾಸೋದ್ಯಮಕ್ಕೆಂದೇ ಪ್ರತ್ಯೇಕ ಘೋಷಣೆಗಳು ಬಂದವು. ಹೋಟೆಲ್ ಮಾಲೀಕರ ಸಂಘಗಳು ತಿಂಗಳುಗಟ್ಟಲೆ ಕೇಳುತ್ತಿದ್ದುದರ ಫಲ ಅವು. ರಾಜ್ಯ ಸರ್ಕಾರ ಹೋಟೆಲು, ರೆಸಾರ್ಟು, ರೆಸ್ಟೋರೆಂಟುಗಳ ಆಸ್ತಿ ತೆರಿಗೆಯಲ್ಲಿ ಶೇ 50 ಬಿಟ್ಟಿತು. ಏಪ್ರಿಲ್, ಮೇ, ಜೂನ್ ತಿಂಗಳ ವಿದ್ಯುತ್ತಿನ ನಿಗದಿತ ಶುಲ್ಕ ಮನ್ನಾ ಮಾಡಿತು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತ ಮಾರ್ಗದರ್ಶಿಗಳಿಗೆ 5,000 ರೂಪಾಯಿ. ಜೂನ್ 28ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಪರವಾನಗಿ ಪಡೆದ ಗೈಡುಗಳಿಗೆ ಒಂದು ಲಕ್ಷದವರೆಗೆ, ಪ್ರವಾಸಿ ಸಂಸ್ಥೆಗಳಿಗೆ ಹತ್ತು ಲಕ್ಷದವರೆಗೆ ಸರ್ಕಾರದ ಪೂರ್ಣ ಖಾತರಿಯ ಸಾಲ ಘೋಷಿಸಿದರು. ಅದೇ ತಿಂಗಳ ಆರಂಭದಲ್ಲಿ ರಿಸರ್ವ್ ಬ್ಯಾಂಕ್ ಹೋಟೆಲು, ಪ್ರವಾಸದಂಥ ಕ್ಷೇತ್ರಗಳಿಗೆ ಸಾಲ ಕೊಡಲು ಬ್ಯಾಂಕುಗಳಿಗೆ 15,000 ಕೋಟಿಯ ವ್ಯವಸ್ಥೆ ಮಾಡಿತ್ತು.

ಈ ಸಾಲುಗಳಲ್ಲಿ ಮಾರ್ಗದರ್ಶಿಗಳಿಗೆ ಬಂದದ್ದು ಮಾತ್ರ ನೇರವಾಗಿ ಒಬ್ಬ ದುಡಿಯುವವನ ಕೈಗೆ ಬಂದದ್ದು. ಅವರ ಕತ್ತಿನಲ್ಲಿ ಇಲಾಖೆ ಕೊಟ್ಟ ಗುರುತಿನ ಚೀಟಿ ಇತ್ತಲ್ಲ! ಉಳಿದದ್ದೆಲ್ಲ ಹೋಟೆಲಿಗೆ. ಕರೆಂಟು ಬಿಲ್ಲಿಗೆ, ಕಟ್ಟಡದ ಕಂದಾಯಕ್ಕೆ, ಬ್ಯಾಂಕಿನ ಸಾಲಕ್ಕೆ. ಮಾಲೀಕ ಉಳಿದರೆ ಕೆಲಸಗಾರ ಉಳಿಯುತ್ತಾನೆ ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಚಿಕ್ಕ ಹೋಟೆಲುಗಳ ಮಾಲೀಕರು ಸ್ವತಃ ದೋಸೆ ಹುಯ್ಯುವವರು, ಅವರೂ ಸೋತಿದ್ದರು. ಆದರೆ ಮಾಲೀಕನ ಕರೆಂಟು ಬಿಲ್ಲು ಇಳಿದರೆ ಎರಡು ತಿಂಗಳು ಮೊದಲೇ ಊರಿಗೆ ಹೋದ ಸಪ್ಲೈಯರನ ಮನೆಗೆ ಸಾಮಾನು ಬರುವುದಿಲ್ಲ. ಅವನನ್ನು ಮತ್ತೆ ಕರೆಯಬೇಕೆಂಬ ಷರತ್ತು ಕೂಡ ಆ ರಿಯಾಯಿತಿಗಳ ಜೊತೆ ಇರಲಿಲ್ಲ.

ಹೋಗಲಿ, ಆ ಕುಟುಂಬಗಳು ಹೇಗೆ ಬದುಕಿದವು? ಅಕ್ಕಿ ರೇಷನ್ ಅಂಗಡಿಯಿಂದ. ಸಂಘ ಸಂಸ್ಥೆಗಳು, ರಾಜಕಾರಣಿಗಳು ಹಂಚಿದ ದಿನಸಿ ಕಿಟ್ಟುಗಳಿಂದ ಕೆಲವು ದಿನ. ಹೆಂಡತಿಯ ಸ್ವಸಹಾಯ ಸಂಘದ ಸಾಲದಿಂದ, ಕಿವಿಯೋಲೆ ಒತ್ತೆಯಿಟ್ಟು, ಅಣ್ಣತಮ್ಮಂದಿರ ಹೊಲದಲ್ಲಿ ದುಡಿದು. ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟಗಳ ಕೆಲಸ, ಬೇಲೂರಿನ ಮಲೆನಾಡ ಬದಿಯಲ್ಲಿ ಕಾಫಿ ತೋಟದ ಕೆಲಸ ಕೆಲವರನ್ನು ಉಳಿಸಿತು. ಈ ನೆರವಿನ ಮೊತ್ತ ಯಾವ ಪ್ಯಾಕೇಜಿನ ಲೆಕ್ಕದಲ್ಲೂ ಇಲ್ಲ. ಸೇರಿಸಿದರೆ ಸರ್ಕಾರ ಕೊಟ್ಟದ್ದಕ್ಕಿಂತ ಇದೇ ಹೆಚ್ಚಾಗಿರುತ್ತದೆ ಎಂದು ನನ್ನ ನಂಬಿಕೆ. ಅದರಲ್ಲಿ ಬಹುಪಾಲು ಸಾಲ, ಇವತ್ತಿಗೂ ತೀರದಿರುವ ಸಾಲ.

2021ರ ಆಗಸ್ಟ್ 26ರಂದು ಕೇಂದ್ರ ಸರ್ಕಾರ ಇ-ಶ್ರಮ್ ಪೋರ್ಟಲ್ ತೆರೆಯಿತು. ಅಸಂಘಟಿತ ವಲಯದ ಯಾರು ಬೇಕಾದರೂ ತಮ್ಮ ಕಸುಬು ಬರೆಸಿ ಹನ್ನೆರಡು ಅಂಕಿಯ ಸಂಖ್ಯೆಯ ಕಾರ್ಡು ಪಡೆಯಬಹುದು. ಅಡುಗೆಯವರು, ಬಡಿಸುವವರು ಎಂಬ ಹೆಸರಿನಲ್ಲೇ ನೋಂದಾಯಿಸುವ ಅವಕಾಶ ಇವರಿಗೆ ಸಿಕ್ಕಿತು. ಎರಡು ಬೇಸಿಗೆ ಕಳೆದ ಮೇಲೆ ಪಟ್ಟಿಯೇನೋ ಆಯಿತು, ಅದಕ್ಕೆ ಜೋಡಿಸಿದ ನಿಧಿ ಇರಲಿಲ್ಲ. ಆ ವರ್ಷದ ಕೊನೆಗೆ ಶಾಲೆಗಳು ತೆರೆದು ಬಸ್ಸುಗಳು ಮತ್ತೆ ಕಾಣಿಸತೊಡಗಿದ ಹೊತ್ತಿಗೆ ಮೂರನೇ ಅಲೆ. 2022ರ ಜನವರಿಯಲ್ಲಿ ಎರಡು ವಾರಾಂತ್ಯ ರಾಜ್ಯದಲ್ಲಿ ಕರ್ಫ್ಯೂ, ಅದರಲ್ಲೊಂದು ಸಂಕ್ರಾಂತಿಯ ರಜೆಗೆ ಸೇರಿಕೊಂಡದ್ದು. ಹೋಟೆಲಿನಲ್ಲಿ ಅರ್ಧ ಕುರ್ಚಿ ಖಾಲಿ ಬಿಡಬೇಕೆಂಬ ನಿಯಮ. ಈ ಸಲ ಯಾರಿಗೂ ಪ್ಯಾಕೇಜು ಬರಲಿಲ್ಲ, ಇ-ಶ್ರಮ್ ಕಾರ್ಡಿನವರಿಗೂ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊಸ ಲಾಡ್ಜುಗಳು, ಹೋಂಸ್ಟೇಗಳು, ಊಟದ ಮನೆಗಳು ಏಳುತ್ತಿವೆ. ಆ ಕಟ್ಟಡಗಳಿಂದ ಸೆಸ್ ಕಟ್ಟಡ ಕಾರ್ಮಿಕರ ಮಂಡಳಿಗೆ ಹೋಗುತ್ತದೆ. ಇದರ ನಡುವೆ ಕರ್ನಾಟಕ ಹೊಸ ಹೆಜ್ಜೆಗಳನ್ನಿಟ್ಟಿದೆ. ಸಿನಿಮಾ ಟಿಕೆಟ್ಟಿನ ಮೇಲಿನ ಸೆಸ್ಸಿನಿಂದ ಸಿನಿಮಾ, ಸಾಂಸ್ಕೃತಿಕ ಕಲಾವಿದರ ಕಲ್ಯಾಣ ನಿಧಿಗೆ 2024ರಲ್ಲಿ ಕಾನೂನಾಯಿತು. 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಬಂದ ಕಾನೂನಿನ ಪ್ರಕಾರ, ಆ್ಯಪಿನ ಮೂಲಕ ಊಟ ತಲುಪಿಸುವವರಿಗೆ ಆಗುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಶುಲ್ಕ ವಸೂಲಾಗಿ ಅವರ ಕಲ್ಯಾಣ ನಿಧಿಗೆ ಸೇರಬೇಕು. ಹೋಟೆಲಿನಿಂದ ಪೊಟ್ಟಣ ಒಯ್ಯುವ ಹುಡುಗನಿಗೆ ಒಂದು ನಿಧಿಯಾಯಿತು. ಆ ಪೊಟ್ಟಣದೊಳಗಿನ ಅನ್ನ ಬೇಯಿಸಿದವರಿಗೂ ಅದನ್ನು ಕಟ್ಟಿದವರಿಗೂ ಪಾತ್ರೆ ತೊಳೆದವರಿಗೂ, ಶೇ 5ರ ಜಿ.ಎಸ್‌.ಟಿ. ಸಲ್ಲುವ ಅದೇ ಬಿಲ್ಲಿನಿಂದ ಶೇಕಡಾ ಅರ್ಧವನ್ನಾದರೂ ಎತ್ತಿಡುವ ಕಾನೂನು ಬರಬೇಕು. ಅದು ಇನ್ನೊಂದು ರೋಗ ಬಂದು ಬಾಗಿಲು ಮುಚ್ಚಿಸುವ ಮೊದಲೇ ಆಗಬೇಕು, ಏಕೆಂದರೆ ಲಾಕ್‌ಡೌನಿನ ನಡುವೆ ಕೂತು ನಮ್ಮ ಯಾವ ಸರ್ಕಾರವೂ ಇವರಿಗಾಗಿ ಹೊಸ ಪಟ್ಟಿ ಮಾಡಲಿಲ್ಲ.